ಮುಂದಿನ ಸೀಟು

ಬೆಳಿಗ್ಗೆ ಏಳಕ್ಕೆ ಠಾಣೆಗೆ ಇಬ್ಬರು ಬಂದರು. ಕಪ್ಪು ಕನ್ನಡಕದವರು ಗಣಿತದ ಮೇಷ್ಟ್ರು, ಹುಟ್ಟಿನಿಂದಲೇ ಕಣ್ಣಿಲ್ಲದವರು. ಜೊತೆಗಿದ್ದವರು ಅವರ ಅಕ್ಕನ ಗಂಡ, ದರ್ಜಿ ಕೆಲಸದವರು.

“ನಮ್ಮ ಸೈಕಲ್ ಕಳುವಾಗಿದೆ ಮೇಡಂ,” ಎಂದರು ಮೇಷ್ಟ್ರು.

ಇನ್‌ಸ್ಪೆಕ್ಟರ್ ಆಕೆ. ಕಪ್ಪು ಕನ್ನಡಕವನ್ನೊಮ್ಮೆ, ದರ್ಜಿಯನ್ನೊಮ್ಮೆ ನೋಡಿದರು. “ಯಾರ ಸೈಕಲ್?”

“ನಂದೇ. ಇಬ್ಬರು ತುಳಿಯೋದು. ಮುಂದೆ ಭಾವ, ಹಿಂದೆ ನಾನು. ಹ್ಯಾಂಡಲ್ಲು, ಬ್ರೇಕು ಅವರದು. ಕಾಲು ಇಬ್ಬರದೂ.”

“ಅಷ್ಟುದ್ದದ ಸೈಕಲ್ ಕದಿಯೋಕೆ ಕಳ್ಳನೂ ಒಬ್ಬ ಭಾವನ್ನ ಹುಡುಕ್ಕೋಬೇಕಿತ್ತು,” ಎಂದ ಹೆಡ್ ಕಾನ್‌ಸ್ಟೇಬಲ್. ಇನ್‌ಸ್ಪೆಕ್ಟರ್ ಅವನನ್ನು ದುರುಗುಟ್ಟಿ ನೋಡಿದರು. ಮೇಷ್ಟ್ರು ನಕ್ಕರು, ದರ್ಜಿ ನಗಲಿಲ್ಲ.

ಪ್ರತಿ ರಜೆಯಲ್ಲೂ ಇವರಿಬ್ಬರೂ ಬೆಟ್ಟದ ದಾರಿ ಹಿಡಿಯುತ್ತಿದ್ದರು. ದಾರಿಯುದ್ದಕ್ಕೂ ಭಾವ ಕಂಡದ್ದನ್ನು ಹೇಳಬೇಕು, ಮೇಷ್ಟ್ರು ಕೇಳಬೇಕು. ಈ ಸಲ ಎರಡು ವಾರ ತುಳಿದು ಇಲ್ಲಿಗೆ ಬಂದಿದ್ದರು. ಉಳಿದಿದ್ದದ್ದು ಎಲ್ಲಕ್ಕಿಂತ ಎತ್ತರದ ಘಟ್ಟ, ಅದರಾಚೆಯ ಉದ್ದನೆಯ ಇಳಿಜಾರು. ಅದಕ್ಕಾಗಿ ಮೇಷ್ಟ್ರು ವರ್ಷವಿಡೀ ಜೀವ ಹಿಡಿದು ಕಾದಿದ್ದರು. ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಾಯಿತು.

ಎಂಟೂವರೆಗೆ ಪೊಲೀಸರು ಅವರಿಬ್ಬರು ತಂಗಿದ್ದ ವಸತಿಗೃಹದ ಹಿಂದಿನ ಶೆಡ್ ನೋಡಿದರು. ಬೀಗ ಒಡೆದಿರಲಿಲ್ಲ, ಕೀಲಿ ಹಾಕಿಯೇ ತೆಗೆದಿದ್ದರು.

“ಕೀಲಿ ಯಾರ ಹತ್ರ ಇತ್ತು?”

“ರೂಮಲ್ಲಿ, ಮೇಜಿನ ಮೇಲೆ,” ಎಂದ ದರ್ಜಿ. “ಬಾಗಿಲು ಹಾಕಿರಲಿಲ್ಲ.”

ಹತ್ತೂಕಾಲಿಗೆ ಫೋನ್ ಬಂತು. ಊರ ಮೇಲಿನ ತಿರುವಿನಲ್ಲಿ, ಪ್ರಪಾತದ ಬುಡದಲ್ಲಿ ಸೈಕಲ್ ಬಿದ್ದಿತ್ತು. ಚೌಕಟ್ಟು ನಡುವೆ ಮುರಿದಿತ್ತು. ವಸತಿಗೃಹದ ಮಾಲೀಕ ಮತ್ತು ಒಬ್ಬ ಲಾರಿ ಚಾಲಕನ ಎದುರು ಪಂಚನಾಮೆ ನಡೆಯಿತು. ಮೇಷ್ಟ್ರ ಚೀಲಗಳು ಮಾತ್ರ ಮೇಲೆಯೇ, ತಡೆಗೋಡೆಯ ಒಳಮಗ್ಗುಲಲ್ಲಿ ಇದ್ದವು. ಇಬ್ಬನಿಗೆ ನೆನೆಯದಿರಲೆಂದು ಅವುಗಳ ಮೇಲೆ ಮಳೆಯಂಗಿ ಹೊದಿಸಿತ್ತು.

“ಇಷ್ಟು ಮರ್ಯಾದಸ್ಥ ಕಳ್ಳನ್ನ ನಾನು ಕಂಡಿಲ್ಲ,” ಎಂದ ಹೆಡ್ ಕಾನ್‌ಸ್ಟೇಬಲ್. ಈ ಸಲ ಅವನು ತಮಾಷೆ ಮಾಡುತ್ತಿರಲಿಲ್ಲ.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮೇಷ್ಟ್ರನ್ನು ಒಬ್ಬರನ್ನೇ ಕೂರಿಸಿಕೊಂಡರು.

“ನಿನ್ನೆ ದಾರೀಲಿ ಯಾರಾದ್ರೂ ಹಿಂದೆ ಬಿದ್ದಿದ್ರಾ?”

“ಇಲ್ಲ. ಊರು ಸೇರೋ ಮುಂಚೆ ಎಡಗಡೆ ಗುಡ್ಡ ಪೂರ್ತಿ ಕಾಡಂತೆ. ಎಷ್ಟು ಹಸಿರು ಅಂದ್ರೆ ಕಣ್ಣು ತಂಪಾಗುತ್ತೆ ಅಂದ್ರು ಭಾವ. ಇನ್ನೆರಡು ತಿರುವು ಅಂತ ಸಮಾಧಾನವಾಗೇ ಬಂದ್ವಿ.”

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ತಲೆಯೆತ್ತಿದ. ಆ ಗುಡ್ಡ ಬೇಸಿಗೆಯಲ್ಲಿ ಬೆಂಕಿ ಬಿದ್ದು ಪೂರ್ತಿ ಸುಟ್ಟಿತ್ತು. ಅಲ್ಲಿ ಕರಿ ಬೊಡ್ಡೆಗಳ ಹೊರತು ಏನೂ ಇರಲಿಲ್ಲ.

“ಈ ದಾರೀಲಿ ಮುಂಚೆ ಬಂದಿದ್ರಾ?”

“ಭಾವ ಒಬ್ಬರೇ ಬಂದಿದ್ರು. ಮದುವೆಗೆ ಮುಂಚೆ.”

ಆಮೇಲೆ ದರ್ಜಿಯನ್ನು ಒಳಗೆ ಕರೆದರು. ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಸೂಜಿ ದಾರ ಇಟ್ಟರು.

“ನಮ್ಮ ಈ ಕಾನ್‌ಸ್ಟೇಬಲ್ ಅಂಗಿ ಗುಂಡಿ ಕಿತ್ತುಹೋಗಿದೆ. ಒಂದು ಹೊಲಿಗೆ ಹಾಕಿ ಕೊಡ್ತೀರಾ?”

ದರ್ಜಿ ಬೆರಳಾಡಿಸಿ ಸೂಜಿ ಎತ್ತಿಕೊಂಡ. ದಾರದ ತುದಿ ಬಾಯಿಗಿಟ್ಟು ಒದ್ದೆ ಮಾಡಿದ. ಓರೆಗಣ್ಣಲ್ಲಿ ನೋಡಿದ, ತಲೆ ವಾಲಿಸಿ ನೋಡಿದ. ದಾರ ಸೂಜಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ಮುಖ ತಿರುಗಿಸಿಕೊಂಡ. ಇಂಥ ಪರೀಕ್ಷೆ ಇಟ್ಟೆನಲ್ಲ ಎಂದು ಇನ್‌ಸ್ಪೆಕ್ಟರಿಗೂ ನಾಚಿಕೆಯಾಯಿತು.

“ಸಾಕು, ಬಿಡಿ. ಯಾವಾಗಿಂದ?”

“ಒಂದು ವರ್ಷ ಆಯ್ತು,” ಎಂದ ದರ್ಜಿ. “ಎದುರಿಗೆ ನೋಡಿದ್ರೆ ನಡುವೆ ಮಂಜು ಕೂತಿರುತ್ತೆ. ಅಂಚಲ್ಲಿ ಅಷ್ಟಿಷ್ಟು ಕಾಣುತ್ತೆ. ವಾಸಿ ಆಗೋದಲ್ಲ ಅಂದ್ರು ಡಾಕ್ಟರು.”

“ಮನೇಲಿ ಗೊತ್ತಾ?”

“ಇಲ್ಲ. ಅಂಗಡೀಲಿ ಹೊಲಿಗೆಯೆಲ್ಲ ಕೆಲಸದವಳೇ ಮಾಡ್ತಾಳೆ.”

“ಸೈಕಲ್ ಯಾಕೆ ತಳ್ಳಿದ್ರಿ?”

“ನಿನ್ನೆ ಇಳಿಜಾರಲ್ಲಿ ಒಂದು ಹೆಂಗಸು, ಕಂಕುಳಲ್ಲಿ ಮಗು. ಅವಳು ಕಿರುಚಿದ ಮೇಲೆ ಗೊತ್ತಾಯ್ತು ನನಗೆ. ಕೂದಲೆಳೇಲಿ ಉಳಿದ್ರು. ನಾನು ಬೇಕಂತ ಹಾಗೆ ಓಡಿಸಿದೆ ಅಂದ್ಕೊಂಡು ಹಿಂದೆ ಕೂತಿದ್ದ ಭಾಮೈದ ಕೇಕೆ ಹಾಕಿದ.” ದರ್ಜಿ ಎರಡೂ ಕೈ ಮೇಜಿನ ಮೇಲಿಟ್ಟ. “ಪಂಕ್ಚರ್ ಮಾಡಿದ್ರೆ ಅವನೇ ತೇಪೆ ಹಾಕ್ತಾನೆ. ಜ್ವರ ಅಂದ್ರೆ ಕಾಯ್ತಾನೆ. ಸೈಕಲ್ಲೇ ಇಲ್ದಿದ್ರೆ ಊರಿಗೆ ಹೋಗ್ತಾನೆ.”

“ನಿಜ ಹೇಳ್ಬಹುದಿತ್ತು.”

“ಅವನಿಗೆ ಈ ಲೋಕ ಅಂದ್ರೆ ನನ್ನ ಬಾಯಿ, ಮೇಡಂ. ಅದೂ ಸುಳ್ಳು ಅಂತ ಹೆಂಗೆ ಹೇಳ್ಲಿ?”

ಸಂಜೆ ಐದಕ್ಕೆ ದಸ್ತಗಿರಿ ಆಯಿತು. ಆಸ್ತಿ ನಾಶದ ಆರೋಪ. ಠಾಣೆಯಲ್ಲೇ ಜಾಮೀನು ಸಿಗುವಂಥದ್ದು. ಆದರೆ ನಿಯಮದಂತೆ ಮೊದಲು ವೈದ್ಯಕೀಯ ತಪಾಸಣೆಗೆ ಕಳಿಸಬೇಕಿತ್ತು. ಇನ್‌ಸ್ಪೆಕ್ಟರ್ ಹೊರಬಂದು ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದರು.

“ಆ ಗುಡ್ಡದ ಹತ್ರ ಬೂದಿ ವಾಸನೆ ಬಂದಿತ್ತು. ನನಗೆ ಬೇಜಾರಾಗ್ಬಾರ್ದು ಅಂತ ಹಸಿರು ಅಂತಿದ್ದಾರೆ ಅಂದ್ಕೊಂಡು ಸುಮ್ಮನಾದೆ,” ಎಂದರು ಮೇಷ್ಟ್ರು.

“ದೂರು ವಾಪಸ್ ತಗೊಳ್ತೀರಾ?”

“ಇಲ್ಲ. ತಗೊಂಡ್ರೆ ಏನೂ ಆಗೇ ಇಲ್ಲ ಅಂದ ಹಾಗಾಗುತ್ತೆ.”

ಒಳಗಿನಿಂದ ದರ್ಜಿಯನ್ನು ಕರೆತಂದರು. ಹೆಜ್ಜೆ ಸದ್ದು ಕೇಳಿ ಮೇಷ್ಟ್ರು ಎದ್ದು ನಿಂತರು.

“ಕಣ್ಣಿಲ್ದೆ ಬದುಕೋದು ಹೆಂಗೆ ಅಂತ ಕೇಳೋಕೆ ನಿಮಗೆ ಬೇರೆ ಯಾರು ಬೇಕಿತ್ತು ಭಾವ? ನಿಮ್ಮ ಹಿಂದೇನೇ ಕೂತಿದ್ನಲ್ಲ.”

ದರ್ಜಿಗೆ ಅಳು ಬಂತು.

ಮುಂದೆ ಕೂರುವುದು ಇನ್ನು ತನ್ನಿಂದಾಗದು ಎಂದು ಒಪ್ಪಿಕೊಳ್ಳುವ ಭಯವೊಂದೇ ಈ ಕೃತ್ಯಕ್ಕೆ ಕಾರಣ ಎಂದು ಇನ್‌ಸ್ಪೆಕ್ಟರ್ ಅಂದಿನ ವರದಿಯಲ್ಲಿ ಬರೆದರು.

ಹೊರಗೆ ಕತ್ತಲಾಗುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ದರ್ಜಿಯ ರಟ್ಟೆ ಹಿಡಿದು ಜೀಪಿನ ಕಡೆ ನಡೆಸತೊಡಗಿದ. ದರ್ಜಿ ಹೊಸ್ತಿಲಲ್ಲಿ ಎಡವಿದ.

“ಹಾಗೆ ಹಿಡೀಬಾರ್ದು,” ಎಂದರು ಮೇಷ್ಟ್ರು ಹಿಂದಿನಿಂದ. “ನೀವು ಅವರನ್ನ ಹಿಡ್ಕೋಬೇಡಿ. ನಿಮ್ಮ ಮೊಣಕೈ ಕೊಡಿ, ಅವರೇ ಹಿಡ್ಕೊಳ್ಳಲಿ. ಅರ್ಧ ಹೆಜ್ಜೆ ಮುಂದೆ ನಡೀರಿ.”

ಹೆಡ್ ಕಾನ್‌ಸ್ಟೇಬಲ್ ಮೊಣಕೈ ಚಾಚಿದ. ದರ್ಜಿ ಗಾಳಿಯಲ್ಲಿ ತಡಕಾಡಿ ಅದನ್ನು ಹಿಡಿದುಕೊಂಡ.