ದ್ರಾಕ್ಷಿ ಬಣ್ಣದ ಶಾಲು

"ಅದೊಂದನ್ನಾದರೂ ಬಿಡ್ರೀ!"

ಅಂಗಡಿಯ ಕೆಳಗಿನ ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಅವಳು ಬೆಚ್ಚಿ ತಲೆ ಎತ್ತಿದಳು. ಮಡಿಲಲ್ಲಿ ದ್ರಾಕ್ಷಿ ಶರಬತ್ತಿನ ಪುಡಿಯ ಹನ್ನೊಂದು ಪೊಟ್ಟಣಗಳಿದ್ದವು. ಹನ್ನೆರಡನೆಯದರ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ತುದಿ ಯಾರೋ ಅಪರಿಚಿತನ ಕೈಯಲ್ಲಿ!

"ಇಷ್ಟೂ ನೀವೊಬ್ಬರೇ ಕುಡೀತೀರಾ?"

"ಕುಡಿಯೋಕಲ್ಲ."

"ಮತ್ತೆ?"

"ಉಣ್ಣೆ ಶಾಲಿಗೆ."

ಅವನು ಪೊಟ್ಟಣವನ್ನು ತಟ್ಟನೆ ಬಿಟ್ಟುಬಿಟ್ಟ. ತಲೆ ಕೆಟ್ಟವರ ಜೊತೆ ಜಗಳ ಯಾಕೆ ಅನ್ನುವಂತೆ ಒಂದು ಹೆಜ್ಜೆ ಹಿಂದೆಯೂ ಸರಿದ. ಅವಳಿಗೆ ರೇಗಿಹೋಯಿತು. ನೇರಳೆಯಾಗಿದ್ದ ಹತ್ತೂ ಉಗುರುಗಳನ್ನು ಅವನ ಮುಖದ ಮುಂದೆ ಹಿಡಿದಳು.

"ಬಣ್ಣ ಹಾಕ್ತೀನಿ ಸ್ವಾಮಿ! ಸಕ್ಕರೆ ಇಲ್ಲದ ಈ ಪುಡಿ, ಒಂದು ಚಮಚ ವಿನೆಗರ್, ಸಣ್ಣ ಉರಿ. ಬಣ್ಣ ಎಲ್ಲಾ ಉಣ್ಣೆಗೆ ಹೋಗಿ ಪಾತ್ರೆಯ ನೀರು ತಿಳಿಯಾಗಬೇಕು. ಆಮೇಲೆ ಎಷ್ಟು ಒಗೆದರೂ ಹೋಗಲ್ಲ."

"ಹೌದಾ?" ಅವನು ನಕ್ಕ. "ಹಾಗಾದರೆ ನನ್ನ ಮಫ್ಲರ್ ತರ್ತೀನಿ. ನೋಡೇಬಿಡೋಣ."

ಅವಳ ಮನೆಗೇ ತಂದ. ಅವನು ರಸ್ತೆಯ ಕೊನೆಯ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಮಫ್ಲರ್ ಆದಮೇಲೆ ಟೋಪಿ ಬಂತು, ಟೋಪಿ ಆದಮೇಲೆ ಕಾಲುಚೀಲ ಬಂತು. ಮೂರು ತಿಂಗಳಲ್ಲಿ ಅವಳಿಗೆ 'ದ್ರಾಕ್ಷಿ' ಅಂತ ಹೆಸರನ್ನೂ ಇಟ್ಟ.

"ಈ ಮಹಾರಾಯ ಮನೇಲಿ ಕುರಿ ಸಾಕಿದ್ದಾನೇನೇ? ಬಿಳಿ ಉಣ್ಣೆ ಮುಗಿಯೋದೇ ಇಲ್ವಲ್ಲ!" ಅಂತ ಅವಳ ಅಕ್ಕ ಕಾಡಿಸುತ್ತಿದ್ದಳು. ಅವಳು ಒಲೆ ಕಡೆ ತಿರುಗಿ ನಗು ಮುಚ್ಚಿಕೊಳ್ಳುತ್ತಿದ್ದಳು. ಪ್ರೀತಿ ಅಂತ ಅವನೂ ಹೇಳಿರಲಿಲ್ಲ, ಇವಳೂ ಹೇಳಿರಲಿಲ್ಲ. ಆದರೆ ಗೇಟಿನ ಸದ್ದಾದರೆ ಸಾಕು, ಕೈಯಲ್ಲಿದ್ದ ಸೌಟು ಎಲ್ಲಿಟ್ಟೆ ಅನ್ನುವುದೇ ಅವಳಿಗೆ ಮರೆತುಹೋಗುತ್ತಿತ್ತು.

ಒಂದು ಗುರುವಾರ ಅವನು ಹೊಸ ಬಿಳಿ ಶಾಲು ತಂದ. ಹೆಂಗಸರದು! ಅಂಚಿನಲ್ಲಿ ಸಣ್ಣ ಎಲೆಗಳ ನೇಯ್ಗೆ.

"ದ್ರಾಕ್ಷಿ ಬಣ್ಣವೇ ಬೇಕು. ಭಾನುವಾರ ಬೆಳಗ್ಗೆ ಒಬ್ಬರಿಗೆ ಕೊಡಬೇಕು." ಅವನ ಕಿವಿ ಕೆಂಪಾಗಿತ್ತು. "ಅವರು ಒಪ್ಪಿಬಿಟ್ಟರೆ ನನ್ನ ಬದುಕು ಒಂದು ದಡ ಸೇರಿದ ಹಾಗೆ. ಚೆನ್ನಾಗಿ ಮಾಡಿಕೊಡ್ತೀರಲ್ಲ?"

ಅವಳು ಅಂಚಿನ ಎಲೆಗಳ ಮೇಲೆ ಬೆರಳಾಡಿಸಿದಳು.

"ಓ... ಮಾಡ್ತೀನಿ."

ಯಾರು ಅವಳು? ಎಲ್ಲಿದ್ದಳು ಇಷ್ಟು ದಿನ? ಮತ್ತೆ ಆ ಕಾಲುಚೀಲ, ಟೋಪಿ, ಬಾಗಿಲಲ್ಲಿ ನಿಂತು ಅರ್ಧ ಗಂಟೆ ಮಾತು... ಎಲ್ಲಾ ಬರೀ ಗಿರಾಕಿತನವಾ?

ಶನಿವಾರ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಶಾಲು ಬಣ್ಣವನ್ನು ಆಸೆಯಿಂದ ಹೀರಿಕೊಳ್ಳುತ್ತಿತ್ತು. ಆದರೆ ನೀರು ಇನ್ನೂ ಕಡು ನೇರಳೆ. ಇನ್ನರ್ಧ ಗಂಟೆ ಕುದಿಸದೆ ಕಾಯಿಸಬೇಕಿತ್ತು. ಆ ಕಾಣದ ಹುಡುಗಿಯ ಹೆಗಲು ಅವಳ ಕಣ್ಣ ಮುಂದೆ ಬಂತು. ಅವನ ಕೈ ಆ ಹೆಗಲಿಗೆ ಶಾಲು ಹೊದಿಸುತ್ತಿತ್ತು...

ಉರಿ ಆರಿಸಿಬಿಟ್ಟಳು! ಶಾಲನ್ನು ತೆಗೆದು, ಜಾಲಿಸದೆ, ಹಾಗೇ ಒಣಹಾಕಿದಳು. ನಾಲ್ಕು ಹನಿ ನೀರು ಬಿದ್ದರೆ ಸಾಕು, ಬಣ್ಣ ಇಳಿಯುತ್ತಿತ್ತು. ಸಂಜೆ ಅವನು ಬಂದು, ಕಣ್ಣರಳಿಸಿ ನೋಡಿ, ಎದೆಗವಚಿಕೊಂಡು ಒಯ್ದ.

ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ? ಭಾನುವಾರ ಬೆಳಗಾಗುವ ಹೊತ್ತಿಗೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಚಪ್ಪಲಿ ಮೆಟ್ಟಿ ಕನ್ನಡಕದಂಗಡಿಯವರೆಗೆ ಓಡಿದಳು. ಬೀಗ ಹಾಕಿತ್ತು. ಅವನ ಮನೆ ಯಾವುದು ಅಂತ ಒಂದು ದಿನವಾದರೂ ಕೇಳಿದ್ದಳಾ? ವಾಪಸು ಬರುವಾಗ ತುಂತುರು ಹನಿ ಶುರುವಾಯಿತು. ಅಯ್ಯೋ, ಇವತ್ತೇ ಬರಬೇಕಾ ಈ ಮಳೆ!

"ಯಾಕೇ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀಯ?" ಅಕ್ಕ ಕೇಳಿದಳು.

"ಏನಿಲ್ಲ. ನಾನೇನೂ ಮಾಡಿಲ್ಲ."

"ಮಾಡಿದೀಯ ಅಂತ ಯಾರಂದ್ರು?"

ಅಷ್ಟರಲ್ಲಿ ಗೇಟು ಕಿರುಗುಟ್ಟಿತು.

ಅವನು ಬಂದಿದ್ದ. ಜೊತೆಗಿದ್ದವರು ನರೆಗೂದಲಿನ ಒಬ್ಬ ಹೆಂಗಸು. ಹೆಗಲ ಮೇಲೆ ಆ ಶಾಲು! ಕತ್ತು, ಬಿಳಿ ರವಿಕೆಯ ಅಂಚು, ಕಿವಿಯ ಹಿಂದಿನ ಬಿಳಿಗೂದಲು ಎಲ್ಲಾ ನೇರಳೆ ನೇರಳೆ!

"ನಮ್ಮಮ್ಮ," ಅಂದ ಅವನು ಬಸವಳಿದ ದನಿಯಲ್ಲಿ. "ನಿಮ್ಮನ್ನ ನೋಡಬೇಕು ಅಂತ ಬಂದ್ರು."

ಅಮ್ಮ! ಒಪ್ಪಬೇಕಾದವರು ಇವರು... ಒಪ್ಪಬೇಕಾದ್ದು ತನ್ನನ್ನೇ! ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಈ ಹುಡುಗಿ ಹಾಕಿದ ಬಣ್ಣ ಹೋಗಲ್ಲ ಅಂತ ಮೂರು ತಿಂಗಳಿಂದ ಕೊರೆದಿದ್ದ," ಎಂದರು ಆಕೆ ಕತ್ತು ಉಜ್ಜಿಕೊಳ್ಳುತ್ತಾ. "ನೋಡಿದ್ಯಾ ನನ್ನ ಅವತಾರ?"

ಅವನು ನಡುವೆ ಬಂದ. "ತಪ್ಪು ನನ್ನದಮ್ಮ. ನಿನ್ನೆ ನಾನೇ ಸೋಪಿನ ನೀರಲ್ಲಿ ಅದ್ದಿಟ್ಟಿದ್ದೆ. ಅವರ ಕೆಲಸದಲ್ಲಿ ಏನೂ ಐಬಿಲ್ಲ."

ಅಪ್ಪಟ ಸುಳ್ಳು ಅದು. ಅವಳು ಸುಮ್ಮನಿದ್ದರೆ ಸಾಕಿತ್ತು, ಎಲ್ಲಾ ಸರಿಹೋಗುತ್ತಿತ್ತು. ಆದರೆ ತನಗಾಗಿ ಅಮ್ಮನ ಮುಂದೆ ತಲೆ ತಗ್ಗಿಸಿ ನಿಂತಿದ್ದ ಅವನನ್ನು ನೋಡಿ ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಇಲ್ಲ ಅಮ್ಮ. ನಾನು ಬೇಕು ಅಂತಲೇ ಮಾಡಿದ್ದು. ನೀರು ತಿಳಿಯಾಗೋ ಮೊದಲೇ ತೆಗೆದುಬಿಟ್ಟೆ."

ಅವನು ತಟ್ಟನೆ ಅವಳ ಕಡೆ ತಿರುಗಿದ.

"ಬೇಕು ಅಂತಲಾ? ಯಾಕೆ?" ಅಮ್ಮ ಕೇಳಿದರು.

"ಯಾರೋ ಹುಡುಗಿಗೆ ಅಂದುಕೊಂಡೆ..." ಅವಳ ಕಣ್ಣಲ್ಲಿ ನೀರು ತುಂಬಿತು. "ಇವರು ಇನ್ನೊಬ್ಬಳಿಗೆ ಶಾಲು ಹೊದಿಸೋದನ್ನ ನೆನೆಸಿಕೊಂಡರೆ ತಡೆಯೋಕೆ ಆಗ್ಲಿಲ್ಲ. ನಿಮಗೆ ಮೋಸ ಮಾಡಿದೆ. ನನ್ನನ್ನ ಒಪ್ಪಬೇಡಿ, ಪರವಾಗಿಲ್ಲ. ಆದರೆ ಇವರನ್ನ ಬೈಬೇಡಿ."

ಅಮ್ಮ ಶಾಲು ತೆಗೆದು ಅವಳ ಕೈಗಿಟ್ಟರು.

"ತಪ್ಪಿಸಿಕೊಳ್ಳೋಕೆ ಇವನೇ ದಾರಿ ಮಾಡಿಕೊಟ್ಟ. ನೀನು ಆ ದಾರಿ ಹಿಡೀಲಿಲ್ಲ," ಎಂದರು ನಿಧಾನವಾಗಿ. "ಇದನ್ನ ಮತ್ತೆ ಒಲೆ ಮೇಲಿಡು. ಈ ಸಲ ಪೂರ್ತಿ ಆಗಲಿ, ನಾನು ಕಾಯ್ತೀನಿ." ಅಕ್ಕನ ಕಡೆ ತಿರುಗಿ, "ಬಚ್ಚಲು ಎಲ್ಲಮ್ಮಾ? ಮೊದಲು ಈ ಕತ್ತು ತೊಳಿಬೇಕು," ಎಂದರು.

ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. ಅವಳು ಪಾತ್ರೆಗೆ ನೀರು ಸುರಿದು ಶಾಲು ಮುಳುಗಿಸಿದಳು. ಅವನೇ ಒಲೆ ಹೊತ್ತಿಸಿದ.

"ಕೋಪ ಇಲ್ವಾ?" ಅವಳು ಕೇಳಿದಳು.

"ತುಂಬಾ ಇದೆ. ಮೊದಲು ನೀನು ಒಂದು ಹೇಳು. ಆ ಇನ್ನೊಬ್ಬಳು... ನೋಡೋಕೆ ಹೇಗಿದ್ದಳು?"

ಮೊದಲ ಸಲ 'ನೀನು' ಎಂದಿದ್ದ. ಅವಳು ಮೂಗು ಒರೆಸಿಕೊಂಡಳು.

"ನನಗಿಂತ ಎತ್ತರ. ಉದ್ದ ಜಡೆ. ಒಳ್ಳೆ ಮೂಗು."

"ಪಾಪ! ನನಗೋಸ್ಕರ ಕಾಯಬೇಡ ಅಂತ ಅವಳಿಗೆ ಹೇಳಿಬಿಡು."

"ಹೇಳ್ತೀನಿ... ಯಾಕೆ ಅಂತ ಕೇಳಿದರೆ?"

ಅವನು ಅವಳ ನೇರಳೆ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಯಾಕೆ ಅಂತ ಹೇಳಿದ.

"ಸರಿಯಾಗಿ ಕೇಳಿಸಲಿಲ್ಲ," ಎಂದಳು ಅವಳು.

ಅವನು ಇನ್ನೊಮ್ಮೆ ಹೇಳಿದ.