ಹಸಿರು ದೀಪದ ತಲೆನೋವು

ಚೆನ್ನಾಜಮ್ಮನ ಎಡಗಿವಿಯ ಹಿಂದೆ ಅಂಟಿಸಿದ್ದ, ಹುಣಸೆಬೀಜದಷ್ಟು ಪುಟ್ಟ ಬಿಲ್ಲೆಯ ದೀಪ ಕೆಂಪಾಗಿ, ಎರಡೇ ನಿಮಿಷಕ್ಕೆ ಹಸಿರಾಯಿತು. ಆಕೆ ಸೊಪ್ಪು ಸೋಸುತ್ತಲೇ ಇದ್ದಳು. ಹಿಂದೆಯಾಗಿದ್ದರೆ ಇಷ್ಟು ಹೊತ್ತಿಗೆ ವಾಂತಿ ಮಾಡಿಕೊಂಡು ಕತ್ತಲ ಕೋಣೆ ಸೇರಿರುತ್ತಿದ್ದಳು.

"ಮೆದುಳಿನಲ್ಲಿ ಸಿರೊಟೋನಿನ್ ಅಂತ ಒಂದು ರಾಸಾಯನಿಕ ಇದೆ, ಆಚಾರ್ರೇ," ಎಂದು ಡಾಕ್ಟರ್ ಶಮೀನಾ ಆಕೆಯ ಗಂಡ ವೀರಾಚಾರಿಗೆ ವಿವರಿಸಿದ್ದರು. "ಅದು ಏರುಪೇರಾದ್ರೆ ನರಗಳು ಕೆರಳ್ತವೆ, ರಕ್ತನಾಳ ಹಿಗ್ಗುತ್ತೆ, ಅರ್ಧ ತಲೆ ಸಿಡಿಯುತ್ತೆ. ಈ ಸಮತೋಲಕ ಬಿಲ್ಲೆ ಅದನ್ನ ಮೊದಲೇ ಪತ್ತೆಹಚ್ಚಿ ಸರಿತೂಗಿಸುತ್ತೆ."

"ಕುಲುಮೆಗೆ ತಿದಿ ಊದಿದ ಹಾಗೆ. ಹೆಚ್ಚಾದ್ರೂ ಕೆಟ್ಟಿತು, ಕಡಿಮೆಯಾದ್ರೂ ಕೆಟ್ಟಿತು."

"ಸರಿಯಾಗಿ ಹಿಡಿದ್ರಿ!" ಚೆನ್ನಾಜಮ್ಮ ಚಪ್ಪಲಿ ಮೆಟ್ಟಲು ಹೊರಗೆ ಹೋದಾಗ ಡಾಕ್ಟರು ದನಿ ತಗ್ಗಿಸಿದರು. "ದೀಪದ ವಿಷಯ ಅವರಿಗೆ ಹೇಳ್ಬೇಡಿ, ದಿನವಿಡೀ ಕನ್ನಡಿ ಹಿಡಿದು ಕೂರ್ತಾರೆ. ನೀವು ನೋಡ್ಕೊಳ್ಳಿ. ಹಸಿರಿದ್ರೆ ನೋವಿಲ್ಲ ಅಂತ ಅರ್ಥ, ಕೆಂಪು ಹಾಗೇ ಉಳಿದ್ರೆ ನನ್ನ ಕರೀರಿ."

ಪಾತ್ರೆಗಳನ್ನೆಲ್ಲ ಯಂತ್ರಗಳೇ ಅಚ್ಚೊತ್ತುತ್ತಿದ್ದ ಆ ಕಾಲದಲ್ಲೂ ಕಂಚುಗಾರರ ಬೀದಿಯಲ್ಲಿ ಸುತ್ತಿಗೆಯ ಸದ್ದು ಉಳಿದಿತ್ತು. ಅಲ್ಲೊಂದು ರೂಢಿ. ಚೆನ್ನಾಜಮ್ಮನಿಗೆ ತಲೆನೋವು ಬಂದರೆ ವೀರಾಚಾರಿ ಕಿಟಕಿಗೆ ಒದ್ದೆ ಬಟ್ಟೆ ಹಾಕುತ್ತಿದ್ದ. ಅದನ್ನು ಕಂಡು ಉಳಿದ ಹನ್ನೊಂದು ಮನೆಯವರೂ ಬಡಿಯುವುದನ್ನು ನಿಲ್ಲಿಸುತ್ತಿದ್ದರು. ಆತ ಸಾಣೇಕಲ್ಲಿನ ಮೇಲೆ ಒಣಶುಂಠಿ ತೇಯ್ದು ಹೆಂಡತಿಯ ಹಣೆಗೆ ಹಚ್ಚಿ, ನೆತ್ತಿ ಒತ್ತುತ್ತಾ ಕೂರುತ್ತಿದ್ದ. ಮೂವತ್ತೆರಡು ವರ್ಷದಲ್ಲಿ ಆ ಮಹಾರಾಯ ಹೆಂಡತಿಗೆ ಬಾಯಿ ಬಿಟ್ಟು ಒಂದು ಒಳ್ಳೆಯ ಮಾತು ಹೇಳಿದವನಲ್ಲ. ಹೇಳಬೇಕಾದದ್ದನ್ನೆಲ್ಲ ಆ ಒರಟು ಹೆಬ್ಬೆರಳುಗಳೇ ಹೇಳುತ್ತಿದ್ದವು.

ಬಿಲ್ಲೆ ಬಂದು ಐದು ತಿಂಗಳಾಯಿತು. ನೋವು ಹೋದದ್ದಕ್ಕೆ ವೀರಾಚಾರಿಗೆ ಹಾಲು ಕುಡಿದಷ್ಟು ಸಂತೋಷ. ಆದರೆ ಹೆಂಡತಿಯ ಪಕ್ಕ ಕೂರಲು ಈಗ ನೆಪವೇ ಇಲ್ಲ. ಊಟಕ್ಕೆ ಬಂದ, ಉಂಡ, ಹೋದ. ಸುಮ್ಮಸುಮ್ಮನೆ ತಲೆ ನೇವರಿಸಲು ಈ ವಯಸ್ಸಿನಲ್ಲಿ ನಾಚಿಕೆ ಬೇರೆ. ಮೂಲೆಯಲ್ಲಿ ಧೂಳು ಹಿಡಿದ ಸಾಣೇಕಲ್ಲನ್ನು ಕಂಡಾಗಲೆಲ್ಲ ಆತನಿಗೆ ಸಂಕಟವಾಗುತ್ತಿತ್ತು.

ಒಂದು ಮಧ್ಯಾಹ್ನ ಆತ ಹಂಡೆ ಬಡಿಯುತ್ತಿದ್ದಾಗ ಚೆನ್ನಾಜಮ್ಮ ಬಾಗಿಲಿಗೆ ಒರಗಿ ನಿಂತಳು.

"ರೀ, ಯಾಕೋ ತಲೆ ಸಿಡೀತಿದೆ ಕಣ್ರೀ."

ವೀರಾಚಾರಿ ಸುತ್ತಿಗೆ ಬಿಸಾಕಿ ಓಡಿಬಂದು, ಆಕೆಯ ಮುಖ ಹೊರಳಿಸಿ ಕಿವಿಯ ಹಿಂದೆ ನೋಡಿದ. ದೀಪ ಹಸಿರಾಗಿತ್ತು. ಇನ್ನಷ್ಟು ಹೊತ್ತು ನೋಡಿದ. ಹಸಿರೇ.

"ಡಾಕ್ಟರಿಗೆಲ್ಲ ಹೇಳೋದು ಬೇಡ," ಎಂದಳು ಆಕೆ, ನೆಲ ನೋಡುತ್ತಾ. "ಶುಂಠಿ ಹಚ್ಚಿದ್ರೆ ಹೋಗುತ್ತೆ."

ವೀರಾಚಾರಿ ಅಂಗೈಯ ಮಸಿಯನ್ನು ಪಂಚೆಗೆ ಒರೆಸಿಕೊಂಡ. "ಬಹಳ ನೋವಾ?"

"ಹೂಂ. ಬಹಳ."

"ಹೋಗಿ ಮಲಕ್ಕೋ. ತೇಯ್ಕೊಂಡು ಬರ್ತೀನಿ."

ಕಿಟಕಿಗೆ ಒದ್ದೆ ಬಟ್ಟೆ ಹಾಕಿದ. ಒಂದೊಂದಾಗಿ ಸುತ್ತಿಗೆಗಳು ನಿಂತವು. ಎದುರುಮನೆಯವನು ಗಾಬರಿಯಿಂದ ಇಣುಕಿದ.

"ಏನಾಯ್ತು ಆಚಾರ್ರೇ, ಯಂತ್ರ ಕೆಟ್ಟೋಯ್ತಾ?"

"ಇಲ್ಲಪ್ಪ, ಚೆನ್ನಾಗೇ ಕೆಲಸ ಮಾಡ್ತಿದೆ," ಎಂದ ವೀರಾಚಾರಿ, ಕಣ್ಣೊರೆಸಿಕೊಂಡು ಸಾಣೇಕಲ್ಲು ತೊಳೆಯಲು ಒಳಗೆ ಹೋದ.