ಮುಗಿಲಗೋಡಿನ ತುದಿಗಲ್ಲು

ಬಹಳ ಕಾಲದ ಹಿಂದೆ ಬಿಳಿಹೊಳೆ ಎಂಬ ರಾಜ್ಯದಲ್ಲಿ, ಅರಸನೂ ಕೊಡಲಿ ಹಿಡಿದು ಹೋಗುವಂತಿಲ್ಲದ ಒಂದು ಕಾಡಿತ್ತು. ಅಲ್ಲಿ ಮರ ಕಡಿಯುವಂತಿಲ್ಲ, ಬಾಣ ಬಿಡುವಂತಿಲ್ಲ. ಆ ಕಾಡಿನ ನಡುವೆ ಮುಗಿಲಗೋಡು ಎಂಬ ಶಿಖರ. ಬೆಳಗ್ಗೆ ಕೆಂಪು, ಮಧ್ಯಾಹ್ನ ನೀಲಿ, ಸಂಜೆ ಜೇನಿನ ಬಣ್ಣ. ಮೋಡಗಳು ಅದರ ಸೊಂಟದವರೆಗೆ ಬಂದು, ನಿಂತು, ಸುತ್ತಿಕೊಂಡು ಹೋಗುತ್ತಿದ್ದವು. ಅದನ್ನು ಹೊಗಳಲು ಬಂದವರು ಹೊಗಳುವುದು ಬಿಟ್ಟು ನೋಡುತ್ತಾ ಕೂರುತ್ತಿದ್ದರು.

ಗರಳಾಂಗನೆಂಬ ಮಾಂತ್ರಿಕನೂ ನೋಡಿದ. ಅವನ ನಾಡಿನಲ್ಲಿ ಬರೀ ಮರಳು. ಈ ಶಿಖರ ತನ್ನ ಅರಮನೆಯ ಹಿಂದಿರಬೇಕು ಅನ್ನಿಸಿತು. ಅವನ ಬಳಿ ಒಂದು ಮಂತ್ರವಿತ್ತು. ಕಲ್ಲನ್ನು ಕೈಯಲ್ಲಿ ಹಿಡಿದು ಹೇಳಿದರೆ, ಆ ಕಲ್ಲು ಯಾರದೋ ಅವರು ಅವನ ಬೆನ್ನ ಹಿಂದೆ ಬರಲೇಬೇಕು. ತುದಿಯ ಕಲ್ಲು ಸಿಕ್ಕರೆ ಬೆಟ್ಟವೇ ಬರುತ್ತದೆ ಎಂದು ಅವನ ಲೆಕ್ಕ. ಆದರೆ ಶಿಖರ ಕಾಯುವ ಮೃಗಗಳು ಅವನನ್ನು ಮೂರು ಸಲ ಕೆಳಗೆ ಉರುಳಿಸಿದವು.

ಆಗ ಅವನು ಬೆಟ್ಟದ ಬುಡದಲ್ಲಿ ಕಾಡಿನ ಜನ ವಾಸವಿದ್ದ ಹಾಡಿಗೆ ಬಂದ. ಕೇತನೆಂಬ ಯುವಕನ ಹೆಂಡತಿ ಜಕ್ಕಿಯನ್ನು ಜಿಂಕೆ ಮಾಡಿ, ರೂಪ ಕಳೆದುಕೊಂಡವರ ಲೆಕ್ಕಕ್ಕೆ ಗಂಟು ತುಂಬಿದ್ದ ತನ್ನ ಜಡೆಗೆ ಇನ್ನೊಂದು ಗಂಟು ಹಾಕಿಕೊಂಡ. ಮಂತ್ರದ ವಿಷಯ ಕೇತನಿಗೆ ಹೇಳಿ ಜಂಬ ಕೊಚ್ಚಿದ.

"ತುದಿಯ ಕಲ್ಲು ತಾ, ಗಂಟು ಬಿಚ್ಚುತ್ತೇನೆ. ಹೊತ್ತು ಮುಳುಗಿದರೆ ಇವಳು ಕೊನೆವರೆಗೂ ಜಿಂಕೆಯೇ."

ಕೇತ ಜಿಂಕೆಯ ಕಣ್ಣು ನೋಡಿದ. ಜಕ್ಕಿಯದೇ ಕಣ್ಣು, ಸಿಟ್ಟು ತುಂಬಿತ್ತು. ಬೆಟ್ಟ ಕೊಟ್ಟು ಬಿಡಿಸಿಕೊಂಡರೆ ಇವಳು ತನ್ನೊಡನೆ ಮಾತಾಡುವುದಿಲ್ಲ. ಬಿಡಿಸದಿದ್ದರೆ ಮಾತಾಡಲು ಇವಳೇ ಇರುವುದಿಲ್ಲ. ಏನು ಮಾಡುವುದೆಂದು ತಿಳಿಯದೆ ಹತ್ತಿದ.

ಹಾಡಿಯವರು ಮೃಗ ಎದುರಾದರೆ ಕೂಗುವುದಿಲ್ಲ. ನೆಂಟಸ್ತಿಕೆ ಹೇಳಿ ದಾರಿ ಕೇಳುತ್ತಾರೆ.

ಮೊದಲ ತಿರುವಿನಲ್ಲಿ ಬೆಂಕಿಮೈಯ ಹುಲಿ. "ಮಾವ, ದಾರಿ ಬಿಡು," ಎಂದ. ಆ ಮಾಂತ್ರಿಕನಿಗೆ ಇಷ್ಟೂ ಮರ್ಯಾದೆ ಇರಲಿಲ್ಲ ಎಂದು ಗೊಣಗಿ ಹುಲಿ ಸರಿಯಿತು.

ಎರಡನೆಯ ತಿರುವಿನಲ್ಲಿ ಬಂಡೆಮೈಯ ಆನೆ. "ದೊಡ್ಡಪ್ಪ, ದಾರಿ ಬಿಡು," ಎಂದ. ಆನೆಗೆ ಸರಿಯಲು ಜಾಗವಿರಲಿಲ್ಲ. ಹೊಟ್ಟೆಯಡಿ ನುಸುಳು ಎಂದಿತು. ನುಸುಳಿದ.

ಮೂರನೆಯ ತಿರುವಿನಲ್ಲಿ ಏಳು ಸುತ್ತಿನ ಸರ್ಪ. "ಅತ್ತೆ, ದಾರಿ ಬಿಡು," ಎಂದ. ಸರ್ಪ ಅಲುಗಲಿಲ್ಲ.

"ಬರಿಗೈಲಿ ಬಂದೆಯೇನೋ?"

ಕೇತ ಸೊಂಟದಿಂದ ಒಂದು ಹೊಳೆಗಲ್ಲು ತೆಗೆದು ತೋರಿಸಿದ. ಹಾಡಿಯವರು ಬದುಕಿನಲ್ಲಿ ಒಮ್ಮೆ ಶಿಖರ ಹತ್ತುತ್ತಾರೆ. ಹತ್ತುವಾಗ ಕೆಳಗಿನಿಂದ ಒಂದು ಕಲ್ಲು ಒಯ್ದು ತುದಿಯಲ್ಲಿಡುತ್ತಾರೆ. ಇಟ್ಟ ಕಲ್ಲು ಇಟ್ಟವರದೇ. ಸರ್ಪ ಸುತ್ತು ಬಿಚ್ಚಿತು.

ತುದಿಯಲ್ಲಿ ನಿಂತ ಕೇತನಿಗೆ ಒಂದು ಗಳಿಗೆ ಎಲ್ಲ ಮರೆತುಹೋಯಿತು. ಒಂಬತ್ತು ಹೊಳೆಗಳು ಕಾಲಕೆಳಗೆ ಹೊಳೆಯುತ್ತಿದ್ದವು. ಹದ್ದುಗಳ ಬೆನ್ನು ಕಾಣುತ್ತಿತ್ತು.

ಆಮೇಲೆ ಪಕ್ಕದ ಕಲ್ಲುಗುಪ್ಪೆ ನೋಡಿದ. ಬೆಟ್ಟದ ಸ್ವಂತ ತುದಿ ಅದರಡಿ ಎಲ್ಲೋ ಹೂತಿತ್ತು. ಎಲ್ಲಕ್ಕಿಂತ ಮೇಲಿದ್ದದ್ದು ಅರಿಶಿನ ಹಚ್ಚಿದ ಬಿಳಿಗಲ್ಲು. ಅದು ಅವನ ಅಜ್ಜಿ ಚಿಕ್ಕವ್ವೆಯದು. ಎಂಬತ್ತರಲ್ಲಿ ಹಟ ಹಿಡಿದು ಹತ್ತಿದ್ದಳು. ಇಳಿದ ತಿಂಗಳಿಗೆ ತೀರಿಕೊಂಡಿದ್ದಳು. ಹಾಡಿಯನ್ನು ಬಾಯಲ್ಲೇ ಆಳಿದವಳು.

ಕೇತನಿಗೆ ನಗು ಬಂತು. ಅಜ್ಜಿಯ ಕಲ್ಲು ತೆಗೆದುಕೊಂಡ. ತನ್ನದನ್ನು ಅಲ್ಲಿಟ್ಟು ಇಳಿದ.

ಹೊತ್ತು ಮುಳುಗಲು ಇನ್ನೂ ಗೇಣುದ್ದ ಇತ್ತು. ತುದಿಯಲ್ಲಿದ್ದ ಕಲ್ಲು ಇದೇ ಎಂದು ಕೊಟ್ಟ. ಅದು ನಿಜವೇ ಆಗಿತ್ತು. ಗರಳಾಂಗ ಗಂಟು ಬಿಚ್ಚಲಿಲ್ಲ. ಮಂತ್ರ ಹೇಳಿ ಹೊರಟೇಬಿಟ್ಟ. ಬೆನ್ನ ಹಿಂದೆ ಕೋಲು ಕುಟ್ಟಿದ ಸದ್ದಾಯಿತು. ತಿರುಗಿದರೆ ಚಿಕ್ಕವ್ವೆ. ಮಂತ್ರ ಕರೆದಿತ್ತು, ಬಂದಿದ್ದಳು.

"ಯಾರ ಮನೆಯವನೋ ನೀನು? ಮೈ ತೊಳೆದು ಎಷ್ಟು ದಿನವಾಯಿತು?"

ಅವನು ಹದ್ದಾಗಿ ಹಾರಿದ. ರೆಕ್ಕೆ ನೆಟ್ಟಗೆ ಬಡಿ ಎಂದು ಹಿಂದೆಯೇ ಬಂದಳು. ಮೀನಾಗಿ ಮುಳುಗಿದ. ಶೀತವಾಗುತ್ತದೆ ಎಂದು ಬೈದಳು. ಹೊಗೆಯಾದ. ಕೆಮ್ಮುತ್ತಾ ಬಂದಳು. ಕೊನೆಗೆ ಅವನು ಹಾಡಿಗೇ ಮರಳಿ, ಸೋತು ಕುಸಿದು, ಬಿಟ್ಟುಬಿಡು ತಾಯಿ ಎಂದ.

"ಕೂತ್ಕೊ. ತಲೆ ನೋಡು, ಕಾಗೆಗೂಡು."

ಮಂಡಿಯ ನಡುವೆ ಕೂರಿಸಿಕೊಂಡು ಬಾಚತೊಡಗಿದಳು. ಅವನು ಅತ್ತ. ಅವಳು ಬಿಡಲಿಲ್ಲ. ಒಂದೊಂದು ಗಂಟು ಬಿಚ್ಚಿದಂತೆ ಒಬ್ಬೊಬ್ಬರು ಎದ್ದರು. ನರಿಯಾಗಿದ್ದ ಮಂತ್ರಿ, ಗಿಳಿಯಾಗಿದ್ದ ರಾಜಕುಮಾರಿ, ಕೊನೆಗೆ ಜಕ್ಕಿ. ಹೊತ್ತು ಆಗಷ್ಟೇ ಮುಳುಗುತ್ತಿತ್ತು.

"ಬೆಟ್ಟ ಕೊಟ್ಟೆಯಾ?" ಎಂದಳು ಜಕ್ಕಿ.

"ಅಜ್ಜಿಯನ್ನು ಕೊಟ್ಟೆ," ಎಂದ ಕೇತ.

ಚಿಕ್ಕವ್ವೆ ಬಾಚಣಿಗೆ ಝಾಡಿಸಿ, ಕಲ್ಲು ಎತ್ತಿಕೊಂಡು ಮೇಲಕ್ಕೆ ಹೋದಳು. ಕೇತ, ಜಕ್ಕಿ ಮಕ್ಕಳು ಮೊಮ್ಮಕ್ಕಳನ್ನು ಕಂಡು ಸುಖವಾಗಿದ್ದರು. ಗಂಟಿಲ್ಲದ ಗರಳಾಂಗ ಬಡಕಲು ಮುದುಕ, ಅಷ್ಟೇ. ಹಾಡಿಯವರು ಅವನಿಗೆ ಶಿಖರದ ಕಡೆಗೆ ಬಾಗಿಲಿಟ್ಟು ಒಂದು ಗುಡಿಸಲು ಹಾಕಿಕೊಟ್ಟರು. ದಿನವೂ ಹೊಸಿಲ ಮೇಲೆ ಕೂತು ನೋಡುತ್ತಿದ್ದ. ಅಷ್ಟು ಅವನಿಗೆ ಸಾಕಾಯಿತು.